ದಿನಕ್ಕೊಂದು ಲೋಟ ಎಣ್ಣೆ

ನಮ್ಮ ಯಜಮಾನರು ಊರಿನವರ ಹಲ್ಲು ಹೊತ್ತು ತಿರುಗುವವರು. ತಮಾಷೆಗೆ ಹೇಳುತ್ತಿಲ್ಲ, ಅವರ ಕೆಲಸವೇ ಅದು. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿಡುತ್ತಾರೆ. ಇವರು ಅದನ್ನು ಹಲ್ಲುಸೆಟ್ಟು ಮಾಡುವ ಲ್ಯಾಬಿಗೆ ಒಯ್ದು ಕೊಟ್ಟು, ತಯಾರಾದ ಸೆಟ್ಟುಗಳನ್ನು ತಿರುಗಿ ಕ್ಲಿನಿಕ್ಕುಗಳಿಗೆ ಮುಟ್ಟಿಸುತ್ತಾರೆ. ದಿನಕ್ಕೆ ಹದಿನೈದು ಕ್ಲಿನಿಕ್ಕು, ನೂರಿಪ್ಪತ್ತು ಕಿಲೋಮೀಟರು. ಹನ್ನೊಂದು ವರ್ಷದಿಂದ ಒಂದೇ ಕೆಲಸ, ಒಂದೇ ಕಾರು. ಮೀಟರು ನಾಲ್ಕು ಲಕ್ಷಕ್ಕೆ ಬಂದು ನಿಂತಿತ್ತು. "ಸಾವಿರಾರು ಜನರ ಹಲ್ಲು ಕೈಯಲ್ಲಿ ಹಿಡಿದಿದೀನಿ, ಒಬ್ಬರ ನಗೂ ನೋಡಿಲ್ಲ" ಎನ್ನುವುದು ಅವರ ಮಾಮೂಲಿ ಜೋಕು. ಮದುವೆಮನೆಯಿಂದ ಹಿಡಿದು ಸಾವಿನ ಮನೆಯವರೆಗೆ ಎಲ್ಲ ಕಡೆ ಇದನ್ನೇ ಹೇಳುತ್ತಾರೆ.

ಕೂತಲ್ಲಿ ಕೂರುವ ಜೀವವಲ್ಲ ಅದು. ಗ್ಯಾಸ್ ಆಫ್ ಮಾಡಿದೆಯಾ ಎಂದು ಮೂರು ಸಲ ಕೇಳಿ, ನಾಲ್ಕನೆಯ ಸಲ ತಾವೇ ಎದ್ದು ಹೋಗಿ ನೋಡುತ್ತಾರೆ. ಬೀಗ ಹಾಕಿದ ಮೇಲೆ ಅದನ್ನು ಜಗ್ಗಿ ನೋಡದಿದ್ದರೆ ಮೆಟ್ಟಿಲು ಇಳಿಯುವುದಿಲ್ಲ. ಕಾರಿನ ಎಂಜಿನ್ ಎಣ್ಣೆಯ ವಿಷಯದಲ್ಲಂತೂ ಕೇಳುವುದೇ ಬೇಡ. ಎಣ್ಣೆ ಎಷ್ಟಿದೆ ಎಂದು ನೋಡುವುದಕ್ಕೆ ಎಂಜಿನ್ನಿನಲ್ಲಿ ಒಂದು ಉದ್ದನೆಯ ಕಡ್ಡಿ ಇರುತ್ತದಲ್ಲ, ಅದನ್ನು ಇವರು ಎಳೆದು ನೋಡುವ ಪರಿ ಕಂಡು ಲ್ಯಾಬಿನವರು ಇವರಿಗೆ 'ಕಡ್ಡಿ' ಎಂದೇ ಹೆಸರಿಟ್ಟಿದ್ದರು.

ಅದಕ್ಕೊಂದು ಕಾರಣ ಇತ್ತು ಎಂಬುದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ನಾನು ಗಂಡನನ್ನು ಆಡಿಕೊಂಡ ಹಾಗಾಗುತ್ತದೆ. ಮದುವೆಯಾದ ಹೊಸತರಲ್ಲಿ ಅವರು ಮಂಚ, ಬೀರು ಮಾರುವ ಒಬ್ಬ ಅಂಗಡಿಯವನ ಗಾಡಿ ಓಡಿಸುತ್ತಿದ್ದರು. ಒಂದು ದಿನ ದಾರಿಯಲ್ಲಿ ಎಣ್ಣೆಯ ಕೆಂಪು ದೀಪ ಹತ್ತಿತು. ಗಾಡಿ ನಿಲ್ಲಿಸಿ, ಹತ್ತಿರದ ಅಂಗಡಿಯೊಂದರಿಂದ ಧಣಿಗೆ ಫೋನ್ ಮಾಡಿ ಕೇಳಿದರು. ಅವನು "ದೀಪ ಕೆಟ್ಟಿರತ್ತೆ, ಓಡಿಸು ನೀನು" ಅಂದ. ಇವರು ಓಡಿಸಿದರು. ಒಂಬತ್ತು ಕಿಲೋಮೀಟರು ಹೋಗುವಷ್ಟರಲ್ಲಿ ಎಂಜಿನ್ ಸೀಜ್ ಆಗಿ, ಗಾಡಿ ಮಂಚಗಳ ಸಮೇತ ಕಲ್ಲಿನ ಹಾಗೆ ನಿಂತುಬಿಟ್ಟಿತು. ಧಣಿ ಬಂದವನು ನಾಲ್ಕು ಜನರೆದುರು "ನಾನು ಹಾಗಂದೇ ಇಲ್ಲ" ಅಂದ. ಎಂಟು ತಿಂಗಳು ಇವರಿಗೆ ಯಾರೂ ಗಾಡಿ ಕೊಡಲಿಲ್ಲ. ಈ ಕಥೆಯನ್ನು ನಾನು ನೂರು ಸಲ ಕೇಳಿದ್ದೇನೆ. 'ಓಡಿಸು ನೀನು' ಎನ್ನುವುದನ್ನು ಪ್ರತಿ ಸಲವೂ ಆ ಧಣಿಯ ದನಿಯಲ್ಲೇ ಹೇಳುತ್ತಾರೆ.

ಹೋದ ವರ್ಷ ನಮ್ಮ ಕಾರಿಗೆ ನೀಲಿ ಹೊಗೆ ಬರಲು ಶುರುವಾಯಿತು. ಮೆಕ್ಯಾನಿಕ್ ಸೈಲೆನ್ಸರಿನ ಬಾಯಿಗೆ ಬೆರಳು ಹಾಕಿ ನೋಡಿ, "ಅಣ್ಣಾ, ಪಿಸ್ಟನ್ ರಿಂಗು ಸವೆದಿದೆ. ಎಣ್ಣೆ ಮೇಲೇರಿ ಪೆಟ್ರೋಲ್ ಜೊತೆ ಉರಿದು ಹೋಗ್ತಿದೆ. ವಯಸ್ಸಾಯ್ತಲ್ಲ" ಅಂದ.

"ಎಂಜಿನ್ ಬಿಚ್ಚಬೇಕಾ?"

"ಬೇಡ. ಸ್ವಲ್ಪ ಮಂದ ಎಣ್ಣೆ ಹಾಕ್ತೀನಿ. ಆದ್ರೂ ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಕುಡಿಯತ್ತೆ ಅಂತ ಒಪ್ಕೊಂಡುಬಿಡಿ. ವಾರಕ್ಕೆ ಎರಡು ಸಲ ಕಡ್ಡಿ ನೋಡಿ, ಇಳಿದಿದ್ರೆ ಹಾಕಿ. ಐದು ಸಾವಿರಕ್ಕೊಂದ್ಸಲ ಫಿಲ್ಟರ್ ಸಮೇತ ಪೂರ್ತಿ ಬದಲಾಯಿಸಿ. ಮೇಲೆ ಮೇಲೆ ಹಾಕ್ತಾ ಇದೀನಲ್ಲ ಅಂತ ಬದಲಾಯಿಸೋದು ಬಿಡಬೇಡಿ, ಅದೇ ಬೇರೆ ಇದೇ ಬೇರೆ. ಇಷ್ಟು ಮಾಡಿದ್ರೆ ಇನ್ನೂ ಒಂದು ಲಕ್ಷ ಓಡತ್ತೆ."

ಬುದ್ಧಿ ನೆಟ್ಟಗಿರುವ ಯಾರೇ ಆದರೂ ಇಷ್ಟು ಕೇಳಿ ನೆಮ್ಮದಿಯಾಗಿ ಮನೆಗೆ ಬರುತ್ತಿದ್ದರು. ನಮ್ಮವರಿಗೆ ವಾರಕ್ಕೆ ಎರಡು ಸಲ ಎನ್ನುವುದು ದಿನಕ್ಕೆ ನಾಲ್ಕು ಸಲವಾಯಿತು. ಬೆಳಗ್ಗೆ ಹಲ್ಲುಜ್ಜುವ ಮೊದಲು ಬಾನೆಟ್ ಎತ್ತುವ ಸದ್ದು. ಕಡ್ಡಿ ಎಳೆದು, ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದು, ಬೆಳಕಿಗೆ ಹಿಡಿಯುವುದು. ಆಮೇಲೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಎಣ್ಣೆ ಎಲ್ಲಿಗಿದೆಯೋ ಅಲ್ಲಿಗೊಂದು ಗೆರೆ. ಗೆರೆಗಳು ದಿನದಿಂದ ದಿನಕ್ಕೆ ಮೆಟ್ಟಿಲಿನ ಹಾಗೆ ಇಳಿಯುತ್ತಿದ್ದವು. ಎಣ್ಣೆ ಹಾಕುವುದಕ್ಕೆ ಅವರದೇನೂ ಅಡ್ಡಿಯಿರಲಿಲ್ಲ. ಇಳಿಯುವುದನ್ನು ನೋಡಲಾಗುತ್ತಿರಲಿಲ್ಲ, ಅಷ್ಟೇ. ಮನೆಯ ಒಂದು ಟವೆಲೂ ನೆಟ್ಟಗೆ ಉಳಿಯಲಿಲ್ಲ, ಎಲ್ಲದರ ಮೇಲೂ ಕಪ್ಪು ಪಟ್ಟೆ. "ನಮ್ಮ ಮನೇಲಿ ಎಣ್ಣೆ ಹೊಡೆಯೋದು ಕಾರು, ತೂರಾಡೋದು ಯಜಮಾನರು" ಎಂದು ನಾನು ನಗುತ್ತಿದ್ದೆ. ನಗುವ ಮಾತಾಗಿರಲಿಲ್ಲ. ತಟ್ಟೆಯ ಮುಂದೆ ಕೂತವರು ಎರಡು ತುತ್ತಿಗೆ ಎದ್ದು ಹೋಗಿ ಕಾರಿನ ಕೆಳಗೆ ಬಗ್ಗಿ ನೋಡಿ ಬರುತ್ತಿದ್ದರು. ಮೈ ಇಳಿದು ಹೋಗಿತ್ತು.

ಹೀಗಿರುವಾಗ ನನಗೆ ಹಲ್ಲುನೋವು ಬಂತು. ಐದು ಗಂಟೆಗೆ ಬರಲು ಡಾಕ್ಟರು ಹೇಳಿದ್ದರು. ದಾರಿಯಲ್ಲಿ ಇವರಿಗೆ ಎಂಜಿನ್ನಿನ ಸದ್ದು ಯಾಕೋ ಬೇರೆಯಾಗಿ ಕೇಳಿಸಿತು. ಸಮತಟ್ಟಾದ ಜಾಗ ಹುಡುಕಿ ನಿಲ್ಲಿಸಿದರು. ಎಣ್ಣೆ ಕೆಳಗಿಳಿದು ನಿಲ್ಲಲು ಹತ್ತು ನಿಮಿಷ ಕಾದರು. ನೋಡಿದರು. ಸಮಾಧಾನವಾಗಲಿಲ್ಲ, ಇನ್ನೂ ಐದು ನಿಮಿಷ ಕಾದು ಮತ್ತೆ ನೋಡಿದರು. ನಾವು ಹೋಗುವಷ್ಟರಲ್ಲಿ ಡಾಕ್ಟರು ಹೊರಟುಹೋಗಿದ್ದರು. ಊರಿನವರ ಹಲ್ಲು ಹೊರುವವರ ಹೆಂಡತಿ ಕೆನ್ನೆ ಹಿಡಿದುಕೊಂಡು ಬಂದ ದಾರಿಗೆ ಸುಂಕವಿಲ್ಲವೆಂದು ಮನೆಗೆ ಮರಳಿದಳು.

ಆ ಸಂಜೆ ನನ್ನ ಪಿತ್ತ ನೆತ್ತಿಗೇರಿತ್ತು. ಅಚ್ಚಿನ ಬಿಳಿ ಪುಡಿ ಮೈಗೆ ಅಂಟಿರುತ್ತದೆಂದು ಅವರು ಬಂದ ಕೂಡಲೇ ಸ್ನಾನಕ್ಕೆ ಹೋಗುತ್ತಾರೆ, ಕಾಲು ಗಂಟೆ ಹೊರಗೆ ಬರುವುದಿಲ್ಲ. ನಾನು ಮೊಳೆಯಿಂದ ಕೀ ತೆಗೆದುಕೊಂಡೆ. ಅವರ ಡಬ್ಬದಿಂದ ಒಂದು ಸಣ್ಣ ಕಾಫಿ ಲೋಟದಷ್ಟು ಎಣ್ಣೆ ಬಗ್ಗಿಸಿಕೊಂಡು, ಬಾನೆಟ್ ಎತ್ತಿ, ಆಲಿಕೆ ಇಟ್ಟು ಸುರಿದೆ. ನಾಳೆ ಒಂದು ದಿನ ಗೆರೆ ಇಳಿಯದಿರಲಿ, ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿ. ತಲೆಯಲ್ಲಿ ಇದ್ದದ್ದು ಇಷ್ಟೇ.

ಮರುದಿನ ಬೆಳಗ್ಗೆ ಅವರು ಕಡ್ಡಿ ಹಿಡಿದುಕೊಂಡೇ ಅಡುಗೆಮನೆಗೆ ಬಂದರು. "ನೋಡೇ, ಇಳಿದೇ ಇಲ್ಲ! ಮಂದ ಎಣ್ಣೆ ಹಿಡಿದುಕೊಂಡಿದೆ ಕಣೇ!" ಆ ಮುಖ ನೋಡಿ ಎಷ್ಟು ದಿನವಾಗಿತ್ತು! ಅವತ್ತು ಅವರು ಕೂತು, ಪೂರ್ತಿ ತಿಂಡಿ ತಿಂದು, ಎರಡನೆಯ ಸಲ ಹಾಕಿಸಿಕೊಂಡರು. ಸಂಜೆ ನನ್ನ ಹಲ್ಲಿನ ಕೆಲಸವೂ ಆಯಿತು. ನಾನು ನಿಲ್ಲಿಸಬಹುದಿತ್ತು. ಮಾರನೆಯ ದಿನ ಮತ್ತೆ ಆ ಮುಖ ಸಪ್ಪಗಾಗುವುದನ್ನು ನೋಡುವ ಧೈರ್ಯವಿರಲಿಲ್ಲ. ಇನ್ನೊಂದು ದಿನ ಹಾಕಿದೆ. ಆಮೇಲೆ ಇನ್ನೊಂದು ದಿನ. ನಾಲ್ಕು ತಿಂಗಳು ಹೀಗೇ ನಡೆಯಿತು.

ಅವರ ಡಬ್ಬದಲ್ಲಿ ಎಣ್ಣೆ ಕಡಿಮೆಯಾದರೆ ಗುಟ್ಟು ರಟ್ಟಾಗುತ್ತದೆಂದು ಮೂರು ಬೀದಿ ಆಚೆಯ ಅಂಗಡಿಯಿಂದ ಅದೇ ಎಣ್ಣೆಯನ್ನು ನಾನೇ ತರುತ್ತಿದ್ದೆ. ಸೋಪಿನ ಪುಡಿಯ ಡ್ರಮ್ಮಿನೊಳಗೆ ಅದರ ವಾಸ. ಖಾಲಿ ಡಬ್ಬಗಳು ಅಟ್ಟದ ಮೇಲೆ, ಹಳೆಯ ಹೊದಿಕೆಗಳ ಹಿಂದೆ. ಬಾನೆಟ್ಟನ್ನು ಸದ್ದಿಲ್ಲದೆ ಮುಚ್ಚುವುದು ಕಲಿತೆ, ಎರಡು ಅಂಗೈ ಊರಿ ಒಮ್ಮೆಲೇ ಒತ್ತಬೇಕು. ಕ್ಯಾಲೆಂಡರಿನ ಗೆರೆಗಳು ಒಂದೇ ನೇರಕ್ಕೆ ನಿಂತವು, ಇವರು ಕಡ್ಡಿ ನೋಡುವುದೂ ಬೆಳಗ್ಗೆ ಒಂದೇ ಸಲಕ್ಕೆ ಇಳಿಯಿತು. ಅವರ ಚಿಂತೆ ಮಾತ್ರ ಎಲ್ಲೂ ಹೋಗಲಿಲ್ಲ, ನನ್ನ ಪಾಲಿಗೆ ಬಂತು. ಅವರು ಹಾಸಿಗೆಗೆ ತಲೆ ಕೊಟ್ಟ ಕೂಡಲೇ ಗೊರಕೆ. ನಾನು ಸೂರು ನೋಡುತ್ತಾ, ಇವತ್ತು ಲೋಟ ಸ್ವಲ್ಪ ಜಾಸ್ತಿಯಾಯಿತೇನೋ, ನಾಳೆ ಎಣ್ಣೆ ಕಡ್ಡಿಯ ಮೇಲಿನ ಗೆರೆ ದಾಟಿಬಿಟ್ಟರೆ ಏನು ಗತಿ ಎಂದು ಲೆಕ್ಕ ಹಾಕುತ್ತಿದ್ದೆ.

ಮೆಕ್ಯಾನಿಕ್ಕಿಗೆ ಮಾತ್ರ ಇದು ಗಂಟಲಲ್ಲಿ ಇಳಿಯಲಿಲ್ಲ. ಇವರು ಕ್ಯಾಲೆಂಡರನ್ನೇ ಮೊಳೆಯಿಂದ ಕಿತ್ತು ಒಯ್ದು ಅವನ ಮುಂದೆ ಹಿಡಿದಿದ್ದರು. ನಾನೂ ಜೊತೆಗಿದ್ದೆ.

"ಅಣ್ಣಾ, ಹೊಗೆ ನೀಲಿನೇ ಬರ್ತಿದೆ. ಎಣ್ಣೆ ಇಳೀತಿಲ್ಲ ಅಂದ್ರೆ ಆ ಹೊಗೆ ಎಲ್ಲಿಂದ ಬಂತು? ಇದು ಆಗೋ ಮಾತಲ್ಲ."

"ಕಣ್ಣೆದುರಿಗೆ ಇದೆಯಲ್ಲಯ್ಯಾ! ಎಣ್ಣೆ ಬಣ್ಣ ನೋಡು, ಏಳು ಸಾವಿರ ಓಡಿದ್ರೂ ತಿಳಿಯಾಗಿದೆ. ಬದಲಾಯಿಸೋದೂ ಬೇಕಾಗಿಲ್ಲ ಅನ್ಸತ್ತೆ."

ದಿನಾ ಹೊಸ ಎಣ್ಣೆ ಬೀಳುತ್ತಿದ್ದರೆ ತಿಳಿಯಾಗದೆ ಇನ್ನೇನಾಗುತ್ತದೆ? ಮೆಕ್ಯಾನಿಕ್ ತಲೆ ಕೆರೆದುಕೊಂಡು ನನ್ನ ಕಡೆ ನೋಡಿದ. ನಾನು ಗೋಡೆಗೆ ನೇತುಹಾಕಿದ್ದ ಟೈರು ಎಣಿಸುತ್ತಾ ನಿಂತೆ.

ಅಷ್ಟರಲ್ಲಿ ಲ್ಯಾಬಿನವರು ಇವರಿಗೆ ಹೊಸ ವ್ಯಾನ್ ಕೊಟ್ಟರು. ಕಾರು ಏನು ಮಾಡುವುದು ಎನ್ನುವ ಪ್ರಶ್ನೆಯೇ ಏಳಲಿಲ್ಲ. ಇವರ ತಂಗಿ, ನನ್ನ ನಾದಿನಿ, ನರ್ಸು. ಎದ್ದು ಓಡಾಡಲಾಗದವರ ಮನೆಗೇ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವ, ಇಂಜೆಕ್ಷನ್ ಕೊಡುವ ಕೆಲಸ. ಅವಳನ್ನು ಎರಡು ಗಂಟೆ ದಾರಿಯ ಗುಡ್ಡದ ಕಡೆಗೆ ಹಾಕಿದ್ದರು. ಒಂದು ಮನೆಗೂ ಇನ್ನೊಂದು ಮನೆಗೂ ಗಾವುದ ದೂರ, ದಿನಕ್ಕೆ ನೂರರವತ್ತು ಕಿಲೋಮೀಟರು, ಸ್ಕೂಟರಿನಲ್ಲಿ ಆಗುತ್ತಿರಲಿಲ್ಲ.

ನಾನೇ ಹಟ ಹಿಡಿದು, ಕೊಡುವ ಮುಂಚೆ ಎಣ್ಣೆ, ಫಿಲ್ಟರು ಎರಡನ್ನೂ ಬದಲಾಯಿಸುವಂತೆ ಮಾಡಿದೆ. ಮೇಲಿನ ಗೆರೆಗೆ ಸರಿಯಾಗಿ ತುಂಬಿಸಿದರು. ನಾದಿನಿ ಕೀ ತೆಗೆದುಕೊಂಡು, "ಅಣ್ಣ, ಇದರ ಎಣ್ಣೆ ಗಿಣ್ಣೆ ಎಲ್ಲ ನಾನು ಹೇಗೆ ನೋಡ್ಕೊಳ್ಳಲಿ?" ಎಂದು ಕೇಳಿದಳು.

"ನೋಡೋದೇ ಬೇಡ. ಬಾನೆಟ್ ಮುಟ್ಟಿದ್ರೆ ಕೈ ಮುರೀತೀನಿ, ನಿನಗೆ ಗೊತ್ತಾಗದೆ ಏನಾದ್ರೂ ಸಡಿಲ ಮಾಡ್ತೀಯ. ಒಂದು ಹನಿ ಕುಡಿಯಲ್ಲ ಇದು. ನಾಲ್ಕು ತಿಂಗಳು ನೋಡಿದೀನಿ, ನನ್ನ ಮಾತು. ಐದು ಸಾವಿರ ಆದ್ಮೇಲೆ ಇಲ್ಲಿಗೆ ತಾ, ನಾನೇ ಬದಲಾಯಿಸ್ತೀನಿ."

ನಾನು ಕಾಫಿ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಮಾತು ನಾಲಿಗೆ ತುದಿಗೆ ಬಂತು. ತಂಗಿಯೆದುರು ಅಣ್ಣನ ಮುಖದಲ್ಲಿದ್ದ ಆ ಹೆಮ್ಮೆ ನೋಡಿ ನುಂಗಿಕೊಂಡೆ. ಅವಳು ಹೋದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಕಾರು ಬೀದಿಯ ತಿರುವಿನಲ್ಲಿ ನೀಲಿ ಹೊಗೆ ಬಿಟ್ಟುಕೊಂಡು ಮರೆಯಾಯಿತು.

ಅವತ್ತಿನಿಂದ ನನ್ನ ಎಣಿಕೆ ಶುರುವಾಯಿತು. ಕಡ್ಡಿಯ ಎರಡು ಗೆರೆಗಳ ನಡುವೆ ಒಂದು ಲೀಟರು. ದಿನಕ್ಕೆ ನೂರರವತ್ತು. ಆರು ದಿನಕ್ಕೆ ಕೆಳಗಿನ ಗೆರೆ. ಆಮೇಲೂ ತಳದಲ್ಲಿ ಸ್ವಲ್ಪ ಇರುತ್ತದೆ, ಗುಡ್ಡದ ದಾರಿಯಲ್ಲಿ ಅದು ಎಷ್ಟು ದಿನ ಬಂದೀತು? ಮೂರನೆಯ ದಿನ ಫೋನ್ ಮಾಡಿದೆ.

"ಒಂದ್ಸಲ ಕಡ್ಡಿ ಎಳೆದು ನೋಡೇ. ಸುಮ್ನೆ ನೋಡು."

"ಅಯ್ಯೋ ಅತ್ತಿಗೆ, ಅಣ್ಣನ ಖಾಯಿಲೆ ನಿಮಗೂ ಅಂಟ್ತಾ?" ಎಂದು ನಕ್ಕಳು. "ಅವನು ಮುಟ್ಟಬೇಡ ಅಂದಿದಾನಲ್ಲ."

ಆರನೆಯ ದಿನ ಎರಡು ಡಬ್ಬ ಎಣ್ಣೆ ಚೀಲಕ್ಕೆ ಹಾಕಿಕೊಂಡು, ಅಕ್ಕನ ಮನೆಗೆ ಹೋಗಿ ಬರುತ್ತೇನೆಂದು ಸುಳ್ಳು ಹೇಳಿ ನಾದಿನಿಯ ಊರಿಗೆ ಹೊರಟೆ. ಇವರು "ತಡಿ, ನಾನೇ ವ್ಯಾನಿನಲ್ಲಿ ಬಿಡ್ತೀನಿ" ಎಂದು ಚಪ್ಪಲಿ ಹಾಕಿಕೊಂಡರು. ಅಕ್ಕನ ಮನೆಯಲ್ಲಿ ಎಣ್ಣೆಯ ಚೀಲವನ್ನು ಕಾಲಸಂದಿಯಲ್ಲಿಟ್ಟುಕೊಂಡು ಎರಡು ಗಂಟೆ ಕೂತು, ಏನು ಮಾತಾಡಿದೆನೋ ನೆನಪಿಲ್ಲ, ವಾಪಸ್ ಬಂದೆ. ದಿನಾ ಊಟಕ್ಕೆ ಬಡಿಸುವಾಗ ಇವತ್ತು ಹೇಳಿಯೇ ಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಅವರು ತಟ್ಟೆ ಖಾಲಿ ಮಾಡಿ, ಕೈ ತೊಳೆದು, ಕಾಲು ಚಾಚಿ ಕೂರುತ್ತಿದ್ದರು. ನಾನು ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿತು. ಅಲ್ಲಿ ಒಬ್ಬಳು ನನ್ನನ್ನು ಬಾಯಿ ತುಂಬ ಅತ್ತಿಗೆ ಎನ್ನುವವಳು ಗುಡ್ಡದ ತಿರುವುಗಳಲ್ಲಿ ಆ ಕಾರು ಓಡಿಸುತ್ತಿದ್ದಾಳೆ, ಇಲ್ಲಿ ನಾನು ಗಂಡನ ಗೊರಕೆ ಕಾಪಾಡುತ್ತಿದ್ದೇನೆ.

ಹದಿಮೂರನೆಯ ದಿನ ಅವರಿಗೆ ರಜೆ. ಹೊಸ್ತಿಲ ಹತ್ತಿರ ಕೂತು ಉಗುರು ಕತ್ತರಿಸುತ್ತಿದ್ದರು. ಫೋನ್ ಬಂತು. ಗಾಡಿ ಓಡಿಸುವಾಗಿನ ಅಭ್ಯಾಸ, ಯಾವಾಗಲೂ ಸ್ಪೀಕರಿನಲ್ಲೇ ಹಾಕುತ್ತಾರೆ. ನನಗೆ ಒಲೆಯ ಮುಂದೆಯೇ ಎಲ್ಲ ಕೇಳಿಸಿತು.

"ಅಣ್ಣ, ಯಾವ್ದೋ ಕೆಂಪು ದೀಪ ಹತ್ಕೊಳ್ತು. ಎಣ್ಣೆ ಡಬ್ಬದ ಚಿತ್ರ ಇದೆ. ಆಫ್ ಮಾಡಿ ಪಕ್ಕಕ್ಕೆ ನಿಲ್ಲಿಸಿದೀನಿ. ಇಲ್ಲಿ ಒಂದು ಮನೇನೂ ಇಲ್ಲ. ಅಜ್ಜ ಒಬ್ಬರಿಗೆ ಹತ್ತು ಗಂಟೆಗೆ ಇಂಜೆಕ್ಷನ್ ಕೊಡಬೇಕು, ಏನ್ ಮಾಡ್ಲಿ?"

ಇವರು ಉಗುರಿನಿಂದ ಕಣ್ಣು ಕೂಡ ಎತ್ತಲಿಲ್ಲ.

"ಎಣ್ಣೆ ಇಳಿಯೋ ಗಾಡಿನೇ ಅಲ್ಲ ಅದು. ದೀಪ ಕೆಟ್ಟಿರತ್ತೆ, ಓಡಿಸು ನೀನು."

ನನ್ನ ಕೈಯಲ್ಲಿದ್ದ ಸೌಟು ಎಲ್ಲಿ ಬಿತ್ತೋ ಗೊತ್ತಿಲ್ಲ. ಓಡಿ ಬಂದು ಅವರ ಮುಂದಿದ್ದ ಫೋನ್ ಕಿತ್ತುಕೊಂಡೆ. "ಕೀ ಮುಟ್ಟಬೇಡ! ಕಾರು ಶುರು ಮಾಡ್ಬೇಡ ಕಣೇ, ನಿನ್ನ ದಮ್ಮಯ್ಯ! ಎಣ್ಣೆ ಇಲ್ಲ ಅದರಲ್ಲಿ!"

"ಇಲ್ಲ ಅಂದ್ರೆ? ಅಣ್ಣ..."

"ಅಣ್ಣನಿಗೆ ಗೊತ್ತಿಲ್ಲ. ದಿನಾ ಅವರು ಸ್ನಾನಕ್ಕೆ ಹೋದಾಗ ನಾನು ಹಾಕ್ತಿದ್ದೆ. ನಾಲ್ಕು ತಿಂಗಳು. ನೀನು ನಡೆದು ಹೋಗು, ನಾವು ಬರ್ತೀವಿ."

ಇವರು ಎದ್ದು ನಿಂತಿದ್ದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕ್ಯಾಲೆಂಡರಿನ ಕಡೆ ನೋಡಿದರು, ನನ್ನ ಕಡೆ ನೋಡಿದರು, ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು. ನಾನು ಸೋಪಿನ ಪುಡಿಯ ಡ್ರಮ್ಮಿನಿಂದ ಎರಡು ಡಬ್ಬ ತೆಗೆದೆ. ಅವರು ಅವುಗಳನ್ನು ನನ್ನ ಕೈಯಿಂದ ತೆಗೆದುಕೊಂಡು ವ್ಯಾನಿನಲ್ಲಿಟ್ಟರು.

ವ್ಯಾನಿನಲ್ಲಿ ಎರಡು ಗಂಟೆ ದಾರಿ. ಗುಡ್ಡ ಹತ್ತುವಾಗ ಕೇಳಿದರು.

"ದಿನಕ್ಕೆ ಎಷ್ಟು?"

"ಒಂದು ಕಾಫಿ ಲೋಟ."

"ಅಳತೆ ಸರಿಯಾಗೇ ಇದೆ" ಎಂದರು. ಆಮೇಲೆ, ರಸ್ತೆ ನೋಡುತ್ತಲೇ, "ಅವನು ಹೇಳಿದ ಮಾತೇ ನನ್ನ ಬಾಯಲ್ಲಿ ಬಂತಲ್ಲೇ. ಅಕ್ಷರ ಬಿಡದೆ ಬಂತು. ನನ್ನ ಒಡಹುಟ್ಟಿದವಳಿಗೆ ಹೇಳಿದೆ" ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಕಿಟಕಿಯ ಕಡೆ ತಿರುಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ನಾದಿನಿ ಮೂರು ಕಿಲೋಮೀಟರು ನಡೆದು ಹೋಗಿ ಅಜ್ಜನ ಇಂಜೆಕ್ಷನ್ ಮುಗಿಸಿ, ಮತ್ತೆ ನಡೆದು ಬಂದು, ಕಾರಿನ ಪಕ್ಕದ ಕಲ್ಲಿನ ಮೇಲೆ ಕೂತಿದ್ದಳು. ಇವರು ಕಡ್ಡಿ ಎಳೆದರು. ಒಣಗಿತ್ತು. ಒರೆಸಿ ಇನ್ನೊಮ್ಮೆ ಇಳಿಸಿ ಎಳೆದರು, ತುದಿಯಲ್ಲಿ ಕೂಡ ಹನಿಯಿಲ್ಲ. ಎರಡು ಡಬ್ಬ ಸುರಿದು, ಕಾದು, ನೋಡಿ, ಕೀ ತಿರುಗಿಸಿದರು. ಎಂಜಿನ್ ಟಕಟಕ ಎಂದಿತು. ದೀಪ ಆರಿತು, ಸದ್ದು ಮೆಲ್ಲಗೆ ಇಳಿಯಿತು, ಕಾರು ಎಂದಿನ ಹಾಗೆ ಓಡತೊಡಗಿತು. ಇನ್ನೊಂದು ಗುಡ್ಡ ಹತ್ತಿಸಿದ್ದರೆ ಮುಗಿದಿತ್ತು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಆಮೇಲೆ ತಂಗಿಯ ಕೈಗೆ ಕಡ್ಡಿ ಕೊಟ್ಟರು. ಸಮತಟ್ಟು ಜಾಗ, ಎಂಜಿನ್ ಆಫ್, ಹತ್ತು ನಿಮಿಷ, ಎಳೆ, ಒರೆಸು, ಇಳಿಸು, ಎಳೆ. ಐದು ಸಲ ಮಾಡಿಸಿದರು.

"ದಿನಾ ಬೆಳಗ್ಗೆ ನೋಡು. ಒಂದು ಲೀಟರ್ ಯಾವಾಗಲೂ ಹಿಂದೆ ಇಟ್ಕೊ. ದೀಪ ಹತ್ತಿದ್ರೆ ನನ್ನನ್ನೂ ಕೇಳ್ಬೇಡ, ಯಾರನ್ನೂ ಕೇಳ್ಬೇಡ. ಆಫ್ ಮಾಡು."

ನಾದಿನಿ ನನ್ನ ಭುಜ ಹಿಡಿದು, "ಅತ್ತಿಗೆ, ನೀವು ಅವತ್ತೇ ಹೇಳಿದ್ರಿ, ನಾನೇ ಕೇಳ್ಲಿಲ್ಲ" ಎಂದಳು. ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ನನಗೆ ಮಾತ್ರ ಅವಳ ಮುಖ ನೋಡಲಾಗಲಿಲ್ಲ.

ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ಇವರು ವ್ಯಾನ್ ನಿಲ್ಲಿಸಿದರು. ಸಮತಟ್ಟು ಜಾಗ. ಎಂಜಿನ್ ಆಫ್ ಮಾಡಿ ಸುಮ್ಮನೆ ಕೂತರು. ಹತ್ತು ನಿಮಿಷ ಕಳೆದ ಮೇಲೆ ನನಗೆ ಅರ್ಥವಾಯಿತು. ಅವರು ಇಳಿದು ಹೋಗಿ ಬಾನೆಟ್ ಎತ್ತಿ, ಬಟ್ಟೆ ತಂದು ನನ್ನ ಕೈಗೆ ಕೊಟ್ಟರು.

"ನೀನು ನೋಡು. ಏನಿದೆಯೋ ಅದನ್ನೇ ಹೇಳು."

ನಾನು ಕಡ್ಡಿ ಎಳೆದು, ಒರೆಸಿ, ಇಳಿಸಿ, ಮತ್ತೆ ಎಳೆದು ಬೆಳಕಿಗೆ ಹಿಡಿದೆ. "ಮೇಲಿನ ಗೆರೆಗಿಂತ ಒಂದು ಕೂದಲು ಕೆಳಗಿದೆ" ಎಂದೆ.

ಅವರು ತಲೆಯಾಡಿಸಿದರು. ನನ್ನ ಕೈಯಿಂದ ಕಡ್ಡಿ ತೆಗೆದುಕೊಂಡು, ಒರೆಸಿ, ಇಳಿಸಿ, ಎಳೆದು, ತಾವೇ ಇನ್ನೊಮ್ಮೆ ನೋಡಿದರು.

ಇದಾಗಿ ಏಳು ತಿಂಗಳಾಯಿತು. ನಾದಿನಿಯ ಕಾರು ಓಡುತ್ತಿದೆ, ಸಾವಿರಕ್ಕೊಂದು ಲೀಟರು ಕುಡಿಯುತ್ತಲೇ ಇದೆ. ಇವರು ಮತ್ತೆ ಬೆಳಗ್ಗೆ ಎದ್ದ ಕೂಡಲೇ ವ್ಯಾನಿನ ಬಾನೆಟ್ ಎತ್ತುತ್ತಾರೆ, ನಾನೂ ಬಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುತ್ತೇನೆ. ಮೊದಲು ನನಗೆ ಕೊಡುತ್ತಾರೆ, ನಾನು ನೋಡಿ ಎಷ್ಟಿದೆ ಎಂದು ಹೇಳುತ್ತೇನೆ. ಆಮೇಲೆ ತಾವೇ ನೋಡುತ್ತಾರೆ. ಯಾವತ್ತಾದರೂ ಒಂದು ದಿನ, ನಾನು ಹೇಳಿದ್ದಕ್ಕೆ ಹೂಂ ಎಂದು, ತಾವು ನೋಡದೆ ಹಾಗೇ ಬಾನೆಟ್ ಮುಚ್ಚಿಬಿಟ್ಟಾರು. ಆ ದಿನಕ್ಕೆ ಕಾಯುತ್ತಾ ದಿನಾ ಬೆಳಗ್ಗೆ ಎದ್ದು ಹೋಗಿ ನಿಲ್ಲುತ್ತೇನೆ.